ಊರು ಕಟ್ಟುವ ವಿದ್ಯೆಗೂ ಒಂದು ಸೀಟಿದೆ

ಜೂನ್ ತಿಂಗಳು ಬಂತೆಂದರೆ ಹೊರರಾಜ್ಯದಲ್ಲಿರುವ ನಮ್ಮಂಥ ಎಂಜಿನಿಯರುಗಳ ಫೋನಿಗೆ ಊರಿನಿಂದ ಕರೆಗಳು ಶುರುವಾಗುತ್ತವೆ. 'ಕಂಪ್ಯೂಟರ್ ಸೈನ್ಸ್ ಸಿಗೋದು ಅನುಮಾನ, ಡೇಟಾ ಸೈನ್ಸ್ ತಗೊಳ್ಳೋದಾ, ಎಐ ತಗೊಳ್ಳೋದಾ?' ಎಲ್ಲರದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಇದೇ ಜೆಇಇ ಮೇನ್ ಪರೀಕ್ಷೆಯಲ್ಲಿ ಬಿ.ಪ್ಲಾನಿಂಗ್ ಪದವಿಗೆಂದೇ ಪೇಪರ್ 2ಬಿ ಎಂಬ ಪ್ರತ್ಯೇಕ ಪ್ರಶ್ನೆಪತ್ರಿಕೆ ಇದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಮುಂಬೈ ಲೋಕಲ್‌ನಲ್ಲಿ ನೇತಾಡುತ್ತಾ, ಹಿಂಜೇವಾಡಿಯ ಟ್ರಾಫಿಕ್‌ನಲ್ಲಿ ಕೂತು, ಚೆನ್ನೈನ ಮಳೆನೀರಿನಲ್ಲಿ ನಡೆದು ನಗರಗಳನ್ನು ದಿನವೂ ಬೈಯುವ ನಾವು, ನಗರವನ್ನು ಓದಿ ಕಟ್ಟುವ ವಿದ್ಯೆಯೊಂದಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವುದೇ ಇಲ್ಲ.

ಏನಿದು ವಿದ್ಯೆ? ಸ್ಥೂಲವಾಗಿ ಮೂರು ಕವಲುಗಳು. ಮನೆ, ಕಾರ್ಖಾನೆ, ಶಾಲೆ, ಕೆರೆ, ರಸ್ತೆ ಎಲ್ಲೆಲ್ಲಿರಬೇಕು ಎಂದು ಇಪ್ಪತ್ತು ವರ್ಷ ಮುಂದೆ ನೋಡುವುದು ನಗರ ಯೋಜನೆ. ಯಾರ ಸಂಬಳಕ್ಕೆ ಯಾವ ಮನೆ ಎಟಕುತ್ತದೆ, ಜಮೀನಿನ ಬೆಲೆ, ಬಾಡಿಗೆ, ಸಾಲ ಹೇಗೆ ಕೆಲಸ ಮಾಡುತ್ತವೆ ಎಂಬುದು ವಸತಿ ಅಧ್ಯಯನ. ಕಟ್ಟಡಗಳ ನಡುವಿನ ಜಾಗ, ಅಂದರೆ ಫುಟ್‌ಪಾತ್, ಮರ, ಬಸ್‌ಸ್ಟಾಪು, ಅಂಗಡಿಯ ಮುಂಭಾಗ, ಇವೆಲ್ಲ ಹೇಗಿರಬೇಕು ಎಂಬುದು ನಗರ ವಿನ್ಯಾಸ. ಪಾಠದ ಜೀವಾಳ 'ಸ್ಟುಡಿಯೊ'. ವಿದ್ಯಾರ್ಥಿಗಳು ಒಂದು ಪಟ್ಟಣಕ್ಕೆ ಹೋಗಿ ಮನೆಮನೆ ಸರ್ವೆ ಮಾಡುತ್ತಾರೆ, ವಾಹನ ಎಣಿಸುತ್ತಾರೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯುತ್ತದೆಂದು ಗುರುತಿಸುತ್ತಾರೆ. ಆಮೇಲೆ ಜಿಐಎಸ್ ನಕ್ಷೆ, ಕಾನೂನು, ಹಣಕಾಸಿನ ಲೆಕ್ಕ. ಕೊನೆಗೆ ತಾವು ಮಾಡಿದ ಯೋಜನೆಯನ್ನು ಅಧ್ಯಾಪಕರ ಮುಂದೆ ಸಮರ್ಥಿಸಿಕೊಳ್ಳಬೇಕು. ಎಷ್ಟು ಲೋಡ್ ಬರುತ್ತದೆಂದು ನೋಡದೆ ಸರ್ವರ್ ನಿಲ್ಲಿಸುವುದಿಲ್ಲ ಎಂಬುದು ನಮ್ಮ ಸಾಫ್ಟ್‌ವೇರ್ ಮಂದಿಗೆ ಗೊತ್ತು. ಊರಿಗೂ ಅದೇ ನಿಯಮ.

ನಗರವನ್ನು ವಿಶ್ವವಿದ್ಯಾಲಯದಲ್ಲಿ ಓದುವುದು ನಮಗೆ ಹೊಸತೂ ಅಲ್ಲ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕರಾದರು. ನಕ್ಷೆ ಬರೆಯುವ ಮೊದಲು ಊರಿನ ಗಲ್ಲಿಗಳಲ್ಲಿ ನಡೆಯಬೇಕು, ಕೆಡವುವ ಮೊದಲು ಏನನ್ನು ಉಳಿಸಬಹುದೆಂದು ನೋಡಬೇಕು ಎಂಬುದು ಅವರ ಪಾಠ. ದೆಹಲಿಯಲ್ಲಿ 1955ರಲ್ಲಿ ಇದಕ್ಕೆಂದೇ ಶಾಲೆ ಆರಂಭವಾಯಿತು. ಅದು ಬೆಳೆದು ಇಂದಿನ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಆಗಿದೆ.

ಈ ಓದು ಬಲ್ಲವರು ಏಕೆ ಬೇಕು ಎನ್ನುವುದಕ್ಕೆ ಮುಂಬೈ ಕನ್ನಡಿಗರ ಕಣ್ಣೆದುರೇ ಉದಾಹರಣೆಯಿದೆ. ಗಿರಣಗಾಂವ್‌ನಲ್ಲಿ ಮುಚ್ಚಿದ ಬಟ್ಟೆ ಗಿರಣಿಗಳ ಜಮೀನು ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮ 58ರ ಪ್ರಕಾರ, ಗಿರಣಿ ಜಾಗವನ್ನು ಹೊಸದಾಗಿ ಅಭಿವೃದ್ಧಿಪಡಿಸುವಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಬಯಲು ಜಾಗಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ ಸಲ್ಲಬೇಕಿತ್ತು. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಈ ಜಮೀನುಗಳನ್ನು ಒಟ್ಟಾಗಿ ಯೋಜಿಸಿ ಎಂದು ಸಲಹೆ ಕೊಟ್ಟಿತು. 2001ರ ತಿದ್ದುಪಡಿ ಬಂದಾಗ ಆದದ್ದೇ ಬೇರೆ. ಹಂಚಿಕೆ ಇಡೀ ಜಮೀನಿಗಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದ ಭಾಗಕ್ಕೆ ಮಾತ್ರ ಎಂದಾಯಿತು. ಉದ್ಯಾನಕ್ಕೂ ಬಡವರ ಮನೆಗೂ ಸಿಗಬೇಕಿದ್ದ ಪಾಲು ಕರಗಿತು. ಪ್ರಶ್ನಿಸಿದವರಿಗೆ 2005ರಲ್ಲಿ ಹೈಕೋರ್ಟ್‌ನಲ್ಲಿ ಗೆಲುವು, 2006ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋಲು. ಇಂದು ಲೋವರ್ ಪರೇಲ್‌ನ ಗಾಜಿನ ಕಚೇರಿಗಳಿಗೆ ಹೋಗುವ ನಮ್ಮವರು ಇಕ್ಕಟ್ಟಿನ ಸ್ಟೇಷನ್ ಮೆಟ್ಟಿಲುಗಳಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿಯುತ್ತಾರೆ. ಒಂದು ಸಾಲಿನ ತಿದ್ದುಪಡಿ ಎಂದರೆ ಇಷ್ಟು. ಆ ಸಾಲನ್ನು ಹೊತ್ತಿಗೆ ಸರಿಯಾಗಿ ಓದಿ ಅರ್ಥ ಹೇಳುವವರು ಊರಿಗೆ ಬೇಕು.

ಇನ್ನು ನಮ್ಮ ಕರ್ನಾಟಕ. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಇತ್ತು. 1898ರ ಪ್ಲೇಗಿನ ಪೆಟ್ಟು ತಿಂದ ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳನ್ನು ಅಚ್ಚುಕಟ್ಟಾಗಿ ಕಟ್ಟಿಕೊಂಡಿತು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಆಯಿತು. ಅಂಥ ರಾಜ್ಯದ ರಾಜಧಾನಿ 2015ರವರೆಗೆಂದು 2007ರಲ್ಲಿ ಒಪ್ಪಿಗೆಯಾದ ಮಹಾಯೋಜನೆಯನ್ನೇ ಆ ಅವಧಿ ಮುಗಿದ ಮೇಲೂ ನೆಚ್ಚಿಕೊಳ್ಳಬೇಕಾಯಿತು. 2031ರ ಕರಡು 2017ರಲ್ಲಿ ಬಂದರೂ ಅಂತಿಮವಾಗದೆ ಹಿಂದೆ ಸರಿಯಿತು.

ಕೊರತೆ ಕರ್ನಾಟಕದ್ದು ಮಾತ್ರವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ ನೀತಿ ಆಯೋಗದ ವರದಿಯ ಪ್ರಕಾರ ದೇಶದ 7,933 ನಗರ ವಸತಿಗಳಲ್ಲಿ ಶೇ 65ಕ್ಕೆ ಮಹಾಯೋಜನೆಯೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾದ ಹುದ್ದೆಗಳು 3,945, ಅದರಲ್ಲೂ ಶೇ 42 ಖಾಲಿ. ವಿಚಿತ್ರವೆಂದರೆ, ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಯೋಜನಾ ಪದವಿ ಕಡ್ಡಾಯವೇ ಅಲ್ಲ. ಓದಿದವನಿಗೆ ಹುದ್ದೆಯ ಖಾತ್ರಿಯಿಲ್ಲ, ಹುದ್ದೆಗೆ ಓದಿದವರ ಖಾತ್ರಿಯಿಲ್ಲ.

'ಇದನ್ನು ಓದಿ ಏನು ಮಾಡ್ತಾನೆ? ಎಷ್ಟೇ ಚೆಂದ ಪ್ಲಾನ್ ಮಾಡಿದರೂ ರಾಜಕೀಯದವರು ಬಿಡ್ತಾರಾ?' ಎಂದು ತಂದೆತಾಯಿ ಕೇಳುವುದು ಸಹಜ. ಸಾಫ್ಟ್‌ವೇರ್‌ನಷ್ಟು ಸಂಬಳ ಆರಂಭದಲ್ಲಿ ಸಿಗದಿರಬಹುದು. ಅಂತಿಮ ತೀರ್ಮಾನ ಚುನಾಯಿತರದ್ದೇ, ಪ್ರಜಾಪ್ರಭುತ್ವದಲ್ಲಿ ಅದು ಹಾಗೇ ಇರಬೇಕು ಕೂಡ. ಆದರೆ ಕಡತದಲ್ಲಿ ತಿಳಿದವರ ಟಿಪ್ಪಣಿ ಇರುವ ತೀರ್ಮಾನಕ್ಕೂ ಇಲ್ಲದ ತೀರ್ಮಾನಕ್ಕೂ ವ್ಯತ್ಯಾಸವಿದೆ. ನಾಳೆ ನ್ಯಾಯಾಲಯದಲ್ಲಿ ನಿಲ್ಲುವುದು ಆ ಟಿಪ್ಪಣಿಯೇ.

ಹೊರಗಿರುವ ನಮಗೇನು ಸಂಬಂಧ ಎನ್ನಬೇಡಿ. ಪುಣೆ, ಹೈದರಾಬಾದಿನಲ್ಲಿ ಉಳಿಸಿದ ದುಡ್ಡಿನ ಒಂದು ಪಾಲು ದಾವಣಗೆರೆ, ಹುಬ್ಬಳ್ಳಿ, ತುಮಕೂರಿನ ಅಂಚಿನಲ್ಲಿ 30x40 ಸೈಟಾಗುತ್ತದೆ. ನಿನ್ನೆ ಜೋಳ, ರಾಗಿ ಬೆಳೆದ ಹೊಲಗಳಲ್ಲಿ ಕಲ್ಲು ನೆಟ್ಟು ಬಡಾವಣೆ ಮಾಡುವವರ ಗಿರಾಕಿಗಳಲ್ಲಿ ನಾವೂ ಇದ್ದೇವೆ. ಮಳೆನೀರು ಎಲ್ಲಿ ಹರಿಯಬೇಕು, ಪಾರ್ಕಿಗೆ, ಶಾಲೆಗೆ ಬಿಟ್ಟ ಜಾಗ ಯಾವುದು, ಬಸ್ಸು ಬರುತ್ತದೆಯೇ? ಇದನ್ನು ಕೇಳುವ ಹಕ್ಕು ನಮಗಿದೆ. ಮಹಾಯೋಜನೆಯ ಕರಡಿಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆಕ್ಷೇಪಣೆ ಬರೆಯಲು ಊರಿನಲ್ಲೇ ಇರಬೇಕೆಂದಿಲ್ಲ.

ಸರ್ಕಾರದಿಂದ ಆಗಬೇಕಾದ್ದು ಮೂರು. ನಗರ ಯೋಜಕರ ಹುದ್ದೆಗೆ ಯೋಜನಾ ಪದವಿ ಕಡ್ಡಾಯವಾಗಲಿ, ಖಾಲಿ ಹುದ್ದೆ ತುಂಬಲಿ. ಬೆಂಗಳೂರು, ಮೈಸೂರಿನಾಚೆ ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲೂ ಈ ಓದು ಗಟ್ಟಿಯಾಗಿ ನೆಲೆಯೂರಲಿ. ಮಹಾಯೋಜನೆಯ ನಕ್ಷೆ, ವರದಿಗಳು ಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರಲಿ. ಭಾಷೆ ಗೊತ್ತಿಲ್ಲದ ಸಲಹೆಗಾರ ಸಂಸ್ಥೆ ಮನೆಮನೆ ಸರ್ವೆ ಮಾಡಿದರೆ ಅಂಕಿ ಸಿಕ್ಕೀತು, ಊರು ಸಿಗುವುದಿಲ್ಲ.

ಮನೆಯಲ್ಲಿ ಆಗಬೇಕಾದ್ದು ಒಂದೇ. ಮುಂದಿನ ಸಲ ಊರಿನಿಂದ ಫೋನ್ ಬಂದಾಗ ಈ ದಾರಿಯನ್ನೂ ಹೇಳೋಣ. ಪಿಯುಸಿಯಲ್ಲಿ ಗಣಿತ ಓದಿದವರಿಗೆ ನಾಲ್ಕು ವರ್ಷದ ಬಿ.ಪ್ಲಾನಿಂಗ್ ಇದೆ. ಸಿವಿಲ್, ಆರ್ಕಿಟೆಕ್ಚರ್ ಪದವೀಧರರಿಗಷ್ಟೇ ಅಲ್ಲ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೂ ಹಲವು ಕಡೆ ಎಂ.ಪ್ಲಾನಿಂಗ್ ಬಾಗಿಲು ತೆರೆದಿದೆ. ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳು, ಅಹಮದಾಬಾದಿನ ಸೆಪ್ಟ್, ಪುಣೆಯ ಸಿಒಇಪಿ, ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಇವೆಲ್ಲ ನಾವಿರುವ ಊರುಗಳಲ್ಲೇ ಇವೆ, ಇಲ್ಲವೇ ರಾತ್ರಿ ರೈಲಿನ ದೂರದಲ್ಲಿವೆ. ಕಲಿಯಲು ಬಂದ ಕನ್ನಡದ ಹುಡುಗ ಹುಡುಗಿಯರಿಗೆ ನಮ್ಮ ಕನ್ನಡ ಸಂಘಗಳು ಒಂದು ಕೋಣೆ ಹುಡುಕಿಕೊಟ್ಟರೂ ದೊಡ್ಡ ಉಪಕಾರ. ಓದು ಮುಗಿಸಿ ಅವರಲ್ಲಿ ಕೆಲವರು ಊರಿಗೆ ಮರಳಿದರೆ, ಹೊಲ ಸೈಟಾಗುವ ಮೊದಲು ನಕ್ಷೆಯ ಮುಂದೆ ನಿಂತು 'ಇಲ್ಲಿ ರಾಜಕಾಲುವೆ ಇದೆ' ಎನ್ನುವವರೊಬ್ಬರು ಕಚೇರಿಯಲ್ಲಿ ಇರುತ್ತಾರೆ.