ಮೈಕ್ ಇಲ್ಲದ ತರಗತಿಯಲ್ಲಿ ಪ್ರಸಾರ ಪಾಠ

‘ರೇಡಿಯೊ ಕೇಳೋರೇ ಇಲ್ಲ, ಅದನ್ನ ಓದಿ ಏನ್ ಮಾಡ್ತಾಳಂತೆ?’

ಪಿಯುಸಿ ಗೆಳತಿ ಬಿ.ಎ. ಪತ್ರಿಕೋದ್ಯಮ ಸೇರಿದಾಗ ನಮ್ಮ ಮನೆಯಲ್ಲಿ ಬಂದ ಮಾತಿದು. ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ಸೇರಿದಾಗ ಯಾರೂ ಏನೂ ಕೇಳಲಿಲ್ಲ.

ಈಗ ಅವಳು ಅಂತಿಮ ವರ್ಷದಲ್ಲಿದ್ದಾಳೆ. ಮೊನ್ನೆ ಬೆಂಗಳೂರಿನ ವಾಹಿನಿಯೊಂದಕ್ಕೆ ಇಂಟರ್ನ್‌ಶಿಪ್ ಕೇಳಿಕೊಂಡು ಹೋದಳು. ‘ಎಡಿಟಿಂಗ್ ಯಾವ ಸಾಫ್ಟ್‌ವೇರ್‌ನಲ್ಲಿ ಮಾಡ್ತೀರಿ?’ ಎಂದರಂತೆ. ಉತ್ತರವಿಲ್ಲದೆ ವಾಪಸ್ ಬಂದಳು. ಅವಳ ಕಾಲೇಜಿನಲ್ಲಿ ಬಾನುಲಿ ಬರವಣಿಗೆಯ ಪಾಠವಿದೆ, ಮೈಕ್ ಇಲ್ಲ. ಮಿಕ್ಸರಿನ ಚಿತ್ರ ಬರೆದು ಅಂಕ ಪಡೆದವಳು ಅವಳು. ನನ್ನದೂ ಅದೇ ಕಥೆ. ಲ್ಯಾಬ್‌ನಲ್ಲಿ ಎ.ಎಂ., ಎಫ್.ಎಂ. ತರಂಗಗಳನ್ನು ಪರದೆಯ ಮೇಲೆ ನೋಡಿ ರೆಕಾರ್ಡ್ ಬರೆದೆ. ಆ ತರಂಗದಲ್ಲಿ ಒಂದು ಮಾತನ್ನೂ ಕಳುಹಿಸಲಿಲ್ಲ. ಪ್ರಸಾರ ವಿದ್ಯೆ ಇಬ್ಬರಿಗೂ ಅರ್ಧರ್ಧ ಸಿಕ್ಕಿದೆ.

ಈ ಕೋರ್ಸ್ ಎಂದರೆ ಆರ್‌ಜೆ, ವಾರ್ತಾವಾಚಕಿ ಎಂದೇ ಹಲವರು ತಿಳಿದಿದ್ದಾರೆ. ಆ ಕುರ್ಚಿಗಳು ಬೆರಳೆಣಿಕೆಯಷ್ಟೇ. ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರ ಕೆಲಸವೂ ಕಾಯಂ ನೌಕರಿಯಲ್ಲ. ಇದನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ಒಂದು ದನಿಯ ಹಿಂದೆ ಸ್ಕ್ರಿಪ್ಟ್ ಬರೆಯುವವರು, ಸಂಕಲನಕಾರರು, ಕ್ಯಾಮೆರಾದವರು, ಸೌಂಡ್ ಎಂಜಿನಿಯರ್, ನೇರಪ್ರಸಾರದ ಒಬಿ ವ್ಯಾನ್‌ನವರು ಇರುತ್ತಾರೆ. ಡಬ್ಬಿಂಗ್, ಪಾಡ್‌ಕಾಸ್ಟ್, ಆಡಿಯೊ ಪುಸ್ತಕಗಳಿಗೂ ಇದೇ ಕೌಶಲ ಬೇಕು. ಕೆಲಸ ಕೈಗೆ ಹತ್ತಿದವರಿಗೆ ವಾಹಿನಿಯ ಹೊರಗೂ ದಾರಿಯಿದೆ.

ಕೊರತೆಯಿರುವುದು ಕೈ ಕೆಲಸ ಕಲಿಸುವಲ್ಲಿ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲೇ ಕ್ಯಾಂಪಸ್ ರೇಡಿಯೊ ಆರಂಭಿಸಿತು. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ‘ರೇಡಿಯೊ ಸಾರಂಗ್’ ಇದೆ. ಎಲ್ಲ ಕಾಲೇಜಿಗೂ ಪರವಾನಗಿ, ಟ್ರಾನ್ಸ್‌ಮಿಟರ್ ಸಾಧ್ಯವಿಲ್ಲ, ಒಪ್ಪೋಣ. ಒಂದು ಖಾಲಿ ಕೊಠಡಿ, ಎರಡು ಮೈಕ್, ಒಂದು ಕಂಪ್ಯೂಟರ್ ಕಷ್ಟವೇ? ಧ್ವನಿ ಸಂಕಲನಕ್ಕೆ ‘ಆಡಾಸಿಟಿ’ ಪುಕ್ಕಟೆ ಸಿಗುತ್ತದೆ. ಪತ್ರಿಕೋದ್ಯಮದವರು ಬರೆದು ಓದಲಿ, ಎಂಜಿನಿಯರಿಂಗ್‌ನವರು ಯಂತ್ರ ನೋಡಿಕೊಳ್ಳಲಿ.

ಹೀಗೆ ಬೆರೆಯುವುದು ನಮಗೆ ಹೊಸತೇನಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ.

ನಾವಿಬ್ಬರೂ ಈಗ ಭಾನುವಾರಗಳಂದು ನನ್ನ ಲ್ಯಾಪ್‌ಟಾಪ್ ಮುಂದೆ ಕುಳಿತು ಎಡಿಟಿಂಗ್ ಕಲಿಯುತ್ತಿದ್ದೇವೆ. ಮೂರು ವರ್ಷದಲ್ಲಿ ಕಾಲೇಜೇ ಕಲಿಸಬೇಕಿದ್ದ ಪಾಠವದು.

ಈ ವರ್ಷ ಪ್ರವೇಶ ಪಡೆಯುವ ತಮ್ಮ ತಂಗಿಯರಲ್ಲಿ ಒಂದು ಮಾತು: ಪ್ರಾಸ್ಪೆಕ್ಟಸ್‌ನ ಫೋಟೊ ನಂಬಬೇಡಿ. ಶುಲ್ಕ ಕಟ್ಟುವ ಮುನ್ನ ಸ್ಟುಡಿಯೊ ಬಾಗಿಲು ತೆಗೆಸಿ ನೋಡಿ. ಒಳಗೆ ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದರೆ ಮಾತ್ರ ಅರ್ಜಿ ತುಂಬಿ.