‘ನಿರಪಾಯ’ವೆಂಬ ಮಾತಿನ ಅಪಾಯ

ಕಿವಿಯ ಮುಂಭಾಗದಲ್ಲಿಯೋ ದವಡೆಯ ಮೂಲೆಯಲ್ಲಿಯೋ ಕಡಲೆಗಾತ್ರದ ಗಂಟೊಂದು ಮೂಡುತ್ತದೆ. ನೋವಿಲ್ಲ, ಜ್ವರವಿಲ್ಲ, ಚರ್ಮದ ಬಣ್ಣವೂ ಬದಲಾಗಿಲ್ಲ. ವರ್ಷಗಳು ಉರುಳುತ್ತವೆ, ಕಡಲೆ ನೆಲ್ಲಿಕಾಯಿಯಾಗುತ್ತದೆ. ‘ನೋಯದ ಗಂಟಿಗೆ ವೈದ್ಯರೇಕೆ?’ ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ. ಈ ತರ್ಕ ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ.

ಬಾಯಿಗೆ ಜೊಲ್ಲನ್ನೊದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಅವುಗಳಲ್ಲಿ ಅತ್ಯಂತ ದೊಡ್ಡದು ಕಿವಿಯ ಬುಡದ ಪೆರೋಟಿಡ್ ಗ್ರಂಥಿ. ಮಂಗನಬಾವಿನಲ್ಲಿ ಊದಿಕೊಳ್ಳುವುದು ಇದೇ. ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಬಹುಪಾಲು ಇಲ್ಲಿಯವು. ಇಲ್ಲಿ ಹುಟ್ಟುವ ಐದು ಗಡ್ಡೆಗಳಲ್ಲಿ ಸುಮಾರು ನಾಲ್ಕು ಏಡಿಗಂತಿಯಲ್ಲ, ಸೌಮ್ಯವಾದವು. ಇದು ನಿಜವಾಗಿಯೂ ಸಮಾಧಾನದ ಸಂಗತಿ. ಆದರೆ ಸಮಾಧಾನ ಅಲಕ್ಷ್ಯಕ್ಕೆ ದಾರಿಯಾಗಬಾರದು.

ಇವುಗಳಲ್ಲಿ ಅತಿ ಸಾಮಾನ್ಯವಾದ ‘ಪ್ಲಿಯೊಮಾರ್ಫಿಕ್ ಅಡಿನೋಮ’ದ ಸ್ವಭಾವವನ್ನು ನೋಡಿ. ಅದರ ಸುತ್ತಲೂ ತೆಳುವಾದ ಕೋಶವೊಂದಿರುತ್ತದೆ. ಆದರೆ ಆ ಕೋಶ ಎಲ್ಲೆಡೆಯೂ ಪೂರ್ಣವಲ್ಲ. ಗಡ್ಡೆಯ ಸಣ್ಣ ಮೊಳಕೆಗಳು ಅದನ್ನು ದಾಟಿ ಹೊರಚಾಚಿರುವುದುಂಟು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಸ್ತ್ರವೈದ್ಯರು ಹುಣಿಸೆಹಣ್ಣಿನಿಂದ ಬೀಜವನ್ನು ಹಿಂಡಿ ತೆಗೆಯುವಂತೆ ಗಡ್ಡೆಯನ್ನಷ್ಟೇ ತೆಗೆಯುತ್ತಿದ್ದರು. ಉಳಿದ ಮೊಳಕೆಗಳು ವರ್ಷಗಳ ಮೇಲೆ ಒಂದಕ್ಕೆ ಹತ್ತಾಗಿ ಮರುಹುಟ್ಟುತ್ತಿದ್ದವು. ಸುತ್ತಲಿನ ಗ್ರಂಥಿಭಾಗವನ್ನೂ ಸೇರಿಸಿ ತೆಗೆಯುವ ಪದ್ಧತಿ ರೂಢಿಗೆ ಬಂದ ಬಳಿಕ ಮರುಕಳಿಕೆ ಬಹಳ ಕಡಮೆಯಾಯಿತು.

ಇನ್ನೊಂದು ತೊಡಕು: ಮುಖದ ಸ್ನಾಯುಗಳನ್ನು ಆಡಿಸುವ ನರ ಈ ಗ್ರಂಥಿಯೊಳಗೇ ಹಾದು ಕವಲೊಡೆಯುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುತ್ತದೆ. ಗಡ್ಡೆ ಚಿಕ್ಕದಿದ್ದಾಗ ನರವನ್ನು ಕಾಪಾಡುವುದು ಸುಲಭ. ದೊಡ್ಡದಾದಾಗ, ಅದರಲ್ಲಿಯೂ ಮರುಹುಟ್ಟಿದಾಗ, ಬಲು ಕಷ್ಟ. ಇಷ್ಟಲ್ಲದೆ, ಹತ್ತಾರು ವರ್ಷ ಹಾಗೆಯೇ ಬಿಟ್ಟ ಗಡ್ಡೆಗಳಲ್ಲಿ ಕೆಲವು ಕಡೆಗೆ ಏಡಿಗಂತಿಯಾಗಿ ಮಾರ್ಪಡುತ್ತವೆ. ಕಾಲ ಕಳೆದಷ್ಟೂ ಈ ಸಂಭವ ಹೆಚ್ಚು.

ಹಾಗೆಂದು ಎಲ್ಲ ಗಡ್ಡೆಗೂ ಕತ್ತಿಯೇ ಮದ್ದೆಂದು ನಾನು ಹೇಳುತ್ತಿಲ್ಲ. ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಗಡ್ಡೆ ಏಡಿಗಂತಿಯಾಗುವುದು ಅತಿ ವಿರಳ. ವಯಸ್ಸಾದವರಲ್ಲಿ ಅದನ್ನು ಗಮನಿಸುತ್ತಿದ್ದರೆ ಸಾಕೆಂದು ವೈದ್ಯರು ಹೇಳುವುದುಂಟು. ಆದರೆ ಯಾವುದು ಯಾವುದೆಂಬುದನ್ನು ಬೆರಳಿನಿಂದ ಮುಟ್ಟಿ ನಿರ್ಧರಿಸಲಾಗದು. ಸಣ್ಣ ಸೂಜಿಯಿಂದ ಜೀವಕಣಗಳನ್ನು ಹೀರಿ ಪರೀಕ್ಷಿಸಬೇಕು. ಲೇಪ ಹಚ್ಚುವುದು, ಬರೆ ಹಾಕಿಸುವುದು, ಗಂಟನ್ನು ಕೊಯ್ದು ಕೀವು ಹುಡುಕುವುದು—ಇವು ಬೇಡವೇ ಬೇಡ. ಕೊಯ್ದರೆ ಗಡ್ಡೆಯ ಕಣಗಳು ಚೆದರಿ ಹೊಸ ಗಂಟುಗಳಿಗೆ ಬೀಜವಾಗುತ್ತವೆ.

ಗಂಟು ಥಟ್ಟನೆ ಬೆಳೆದರೆ, ನೋಯತೊಡಗಿದರೆ, ಮುಖದ ಒಂದು ಪಕ್ಕ ಜೋತುಬಿದ್ದರೆ ಒಂದು ದಿನವೂ ತಡಮಾಡಕೂಡದು. ಆ ಚಿಹ್ನೆಗಳಿಗಾಗಿ ಕಾಯುತ್ತ ಕೂರುವುದಂತೂ ವಿವೇಕವಲ್ಲ. ‘ನಿರಪಾಯ’ವೆಂದು ವೈದ್ಯರು ಹೇಳಿದರೆ ಗಾಬರಿಪಡಬೇಕಾಗಿಲ್ಲವೆಂದಷ್ಟೇ ಅರ್ಥ, ಮರೆತುಬಿಡಿರೆಂದು ಅರ್ಥವಲ್ಲ. ನೋವಿಲ್ಲದಿರುವಾಗಲೇ ಚಿಕಿತ್ಸೆ ಸುಲಭ.