ಬೈ ಟುಗೆ ಇನ್ನೊಬ್ಬರು ಬೇಕು

ಬೆಂಗಳೂರಿಗೆ ಬಂದ ಹೊಸತು. ಮನೆ ಹತ್ತಿರದ ದರ್ಶಿನಿಯಲ್ಲಿ ಕಾಫಿಗೆ ನಿಂತಿದ್ದೆ. ನನ್ನ ಮುಂದಿದ್ದವರು ಒಬ್ಬರಾದ ಮೇಲೊಬ್ಬರು ‘ಬೈ ಟು’ ಎಂದು ಟೋಕನ್ ತೆಗೆದುಕೊಂಡು ಹೋದರು. ಇದೇ ಇಲ್ಲಿನ ಪದ್ಧತಿ ಇರಬೇಕೆಂದು ನಾನೂ ಗತ್ತಿನಿಂದ ‘ಬೈ ಟು’ ಅಂದೆ. ಕಾಫಿ ಕೊಡುವ ಹುಡುಗ ಎರಡು ಪುಟ್ಟ ಲೋಟ ಮುಂದಿಟ್ಟು, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಒಂದಾದ ಮೇಲೊಂದು ಎರಡನ್ನೂ ನಾನೇ ಕುಡಿದೆ.

ವಯಸ್ಸು 46. ಹೆಂಡತಿಗೆ ವರ್ಗವಾಗಿತ್ತು. ಧಾರವಾಡದ ಮನೆಗೆ ಬೀಗ ಹಾಕಿಕೊಂಡು ಬಂದಿದ್ದೆವು. ಗೆಳೆಯರನ್ನು ಮಾಡಿಕೊಳ್ಳುವುದೂ ಒಂದು ಕೆಲಸ ಎಂದು ಅಲ್ಲಿ ಯಾವತ್ತೂ ಅನ್ನಿಸಿರಲಿಲ್ಲ. ಇಲ್ಲಿ ಆಫೀಸಿನಲ್ಲಿ ಒಳ್ಳೆಯ ಜನರಿದ್ದಾರೆ, ಸುಳ್ಳೇಕೆ ಹೇಳಲಿ. ಆದರೆ ಒಬ್ಬರ ಮನೆ ಯಲಹಂಕ, ಇನ್ನೊಬ್ಬರದು ಕೆಂಗೇರಿ, ಮತ್ತೊಬ್ಬರದು ವೈಟ್‌ಫೀಲ್ಡ್. ಭಾನುವಾರ ಸಂಜೆ ಬರ್ತೀರಾ ಎಂದು ಕೇಳಿದರೆ ಮೊದಲು ಮ್ಯಾಪ್ ತೆಗೆದು ಕೆಂಪು ಗೆರೆ ಎಷ್ಟಿದೆ ನೋಡುತ್ತಾರೆ. ಆಮೇಲೆ ‘ಇನ್ನೊಂದ್ಸಲ ನೋಡೋಣ ಸಾರ್’ ಅನ್ನುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನಮ್ಮೂರಿನ ದೊಡ್ಡಸ್ತಿಕೆ ಕೊಚ್ಚುವುದು ನನ್ನ ಉದ್ದೇಶವಲ್ಲ. ಆದರೂ ಒಂದು ಮಾತು. ಬೇಂದ್ರೆ ಧಾರವಾಡದಲ್ಲಿ ‘ಗೆಳೆಯರ ಗುಂಪು’ ಕಟ್ಟಿದ್ದು 1922ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ. ಶಂಬಾ ಜೋಶಿ, ಆನಂದಕಂದ, ಗೋಕಾಕ, ಮುಗಳಿ, ಜಿ.ಬಿ. ಜೋಶಿ ಎಲ್ಲ ಅದರಲ್ಲಿದ್ದವರು. ಪ್ರತಿಭೆಯ ಮಾತು ಹಾಗಿರಲಿ, ಊರು ಕಾಲ್ನಡಿಗೆಯ ಅಳತೆಯದಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಮುಂದೆ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ‘ಅಟ್ಟ’ ಹೆಸರಾಗಿದ್ದೂ ಹಾಗೆಯೇ. ಸುಭಾಸ ರಸ್ತೆಯಲ್ಲಿ ಹೋಗುತ್ತಿದ್ದವರು ಸುಮ್ಮನೆ ಮೆಟ್ಟಿಲು ಹತ್ತಿದರಾಯಿತು, ಮೇಲೆ ಯಾರಾದರೂ ಇರುತ್ತಿದ್ದರು. ಏನು ಕೆಲಸ ಎಂದು ಕೇಳಿದರೆ ಉತ್ತರವಿಲ್ಲದ ಭೇಟಿಗಳು ಅವು.

ಬೆಂಗಳೂರಿನಲ್ಲಿ ಕೆಲಸವಿಲ್ಲದೆ ಯಾರ ಮನೆಯ ಗಂಟೆಯನ್ನೂ ಒತ್ತುವಂತಿಲ್ಲ. ಒತ್ತಿ ನೋಡಿದ್ದೇನೆ. ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಕೊಡುವುದು ರೂಢಿ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತ ವರ್ಷವಿಡೀ ಮಾತುಬಿಟ್ಟವರಿಗೂ ಎಲೆ ಕೊಟ್ಟು ಕೈ ಮುಗಿಯುತ್ತೇವೆ. ಅದೇ ಹುಮ್ಮಸ್ಸಿನಲ್ಲಿ ಎದುರು ಫ್ಲ್ಯಾಟಿನ ಗಂಟೆ ಒತ್ತಿದೆ. ಬಾಗಿಲು ತೆರೆದ ಯುವಕ ನನ್ನ ಕೈಯಲ್ಲಿದ್ದ ಎಲೆ ನೋಡಿ, ‘ಎಷ್ಟು ಕೊಡ್ಬೇಕು ಅಂಕಲ್?’ ಎನ್ನುತ್ತ ಫೋನಿಗೆ ಕೈ ಹಾಕಿದ. ತಪ್ಪು ಅವನದಲ್ಲ. ಅವನ ಬಾಗಿಲಿಗೆ ಬರುವವರೆಲ್ಲ ಏನನ್ನಾದರೂ ತಲುಪಿಸಲು ಬರುವವರೇ.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬುವರು 2018ರಲ್ಲಿ ಗೆಳೆತನಕ್ಕೆ ಗಂಟೆಯ ಲೆಕ್ಕ ಹಾಕಿದ್ದರು. ಮುಖಪರಿಚಯ ಮೇಲುಮಟ್ಟದ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯ ಎನ್ನಿಸಿಕೊಳ್ಳಲು 90, ಆಪ್ತನಾಗಲು 200 ಗಂಟೆಯ ಮೇಲೆ. ಒಟ್ಟಿಗೆ ದುಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಜಮೆಯಾಗುವುದಿಲ್ಲವಂತೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಬಾಡಿಗೆ ಕರಾರು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ಕಾಯ್ದೆ. ಆ ರಗಳೆ ತಪ್ಪಿಸಿಕೊಳ್ಳಲು ಮಾಲೀಕರು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಹನ್ನೊಂದು ತಿಂಗಳೆಂದರೆ ಹೆಚ್ಚುಕಡಿಮೆ 48 ವಾರ. ಪಕ್ಕದ ಮನೆಯವರೊಡನೆ ವಾರಕ್ಕೆ ಒಂದು ಗಂಟೆ ಕೂತರೂ 48 ಗಂಟೆಯಾಯಿತು. ಸ್ನೇಹಕ್ಕೆ ಇನ್ನೆರಡು ಗಂಟೆ ಬಾಕಿ ಇರುವಾಗ ಪ್ಯಾಕರ್ಸ್‌ನವರ ಲಾರಿ ಬಂದು ನಿಲ್ಲುತ್ತದೆ.

2024ರಲ್ಲಿ ಸುದ್ದಿಯಾದ ಆ ಎಂಜಿನಿಯರ್ ನೆನಪಿರಬಹುದು. ದೊಡ್ಡ ಸಾಫ್ಟ್‌ವೇರ್ ಕಂಪನಿಯ ಕೆಲಸ, ವಾರಾಂತ್ಯದಲ್ಲಿ ಕೋರಮಂಗಲದಲ್ಲಿ ಆಟೊ ಓಡಿಸುವುದು. ಯಾಕೆಂದರೆ ಒಂಟಿತನ. ಕೆಲವರು ನಕ್ಕರು, ಕೆಲವರು ಮರುಗಿದರು. ನನಗೆ ಬೇರೆಯದೇ ಸಂಶಯ. ಆಟೊದಲ್ಲಿ ಮಾತು ಸಿಗುತ್ತದೆ, ಆದರೆ ಇಳಿದವನು ಮತ್ತೆ ಹತ್ತುವುದಿಲ್ಲ. ಅಪರಿಚಿತರನ್ನು ಟಿಕೆಟ್ ಇಟ್ಟು ಕೂಡಿಸುವ ಕೂಟಗಳದ್ದೂ ಇದೇ ಕಥೆ. ಒಂದಕ್ಕೆ ನಾನೂ ಹೋಗಿದ್ದೆ. ಬೋರ್ಡ್ ಗೇಮ್ ಆಡಿದೆವು, ಬಹಳ ನಕ್ಕೆವು, ಹೊರಡುವಾಗ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡೆವು. ಅದರಲ್ಲಿ ಈಗಲೂ ಹಬ್ಬಗಳಿಗೆ ದೀಪದ ಚಿತ್ರ ಬರುತ್ತದೆ. ಇವಕ್ಕಿಂತ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿ ಪುಸ್ತಕ ಓದುವವರೇ ಜಾಣರು ಎನ್ನಿಸುತ್ತದೆ. ಅಲ್ಲಿ ಮಾತಾಡಲೇಬೇಕೆಂಬ ಒತ್ತಾಯವಿಲ್ಲ. ಅದೇ ಜಾಗ, ಅದೇ ಹೊತ್ತು. ನಾಲ್ಕು ವಾರ ಕಂಡ ಮುಖ ಐದನೇ ವಾರ ಕಾಣದಿದ್ದರೆ ಕಣ್ಣು ತಾನಾಗಿ ಹುಡುಕುತ್ತದೆ.

ನಮ್ಮ ಭಾಷೆಯಲ್ಲಿ ‘ಮಾತಾಡಿಸುವುದು’ ಎಂಬ ಕ್ರಿಯಾಪದವಿದೆ. ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ. ಕಾಯಿಲೆಯವರನ್ನು ಮಾತಾಡಿಸಿಕೊಂಡು ಬರುತ್ತೇವೆ, ಊರಿಗೆ ಬಂದವರನ್ನು ಮಾತಾಡಿಸಲು ಹೋಗುತ್ತೇವೆ. ಹಾಗೆಯೇ ‘ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ’ ಎಂದು ವರ್ಷಗಟ್ಟಲೆ ಸಿಟ್ಟು ಇಟ್ಟುಕೊಳ್ಳುತ್ತೇವೆ. ಮೊದಲು ಯಾರು ಮಾತಾಡಿಸಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಬಿಗುಮಾನ. ಅವರೇ ಮಾತಾಡಿಸಲಿ ಎಂದು ಲಿಫ್ಟಿನಲ್ಲಿ ಇಬ್ಬರೂ ಅಂತಸ್ತಿನ ನಂಬರು ನೋಡುತ್ತ ನಿಲ್ಲುತ್ತೇವೆ.

ಹಳೆಯ ಕಾಲದ ಮಾತಾಡಿಸುವಿಕೆಗೂ ಇನ್ನೊಂದು ಮುಖವಿತ್ತು ಎನ್ನುವುದನ್ನು ಮರೆಯಬಾರದು. ‘ಯಾವ ಊರು’ ಎಂದು ಶುರುವಾದದ್ದು ‘ಯಾರ ಪೈಕಿ’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಉತ್ತರ ಸರಿಬಿದ್ದರೆ ಒಳಗೆ ಚಹಾ, ಇಲ್ಲವಾದರೆ ಕಟ್ಟೆಯ ಮೇಲೆ. ಇಲ್ಲಿ ಹತ್ತು ತಿಂಗಳಲ್ಲಿ ಮನೆ ಹುಡುಕುವಾಗ ಒಮ್ಮೆ ಬಿಟ್ಟರೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ಅಪರಿಚಿತನಾಗಿರುವುದರಲ್ಲಿ ಅಷ್ಟಾದರೂ ಸುಖವಿದೆ.

ದರ್ಶಿನಿಗೆ ಮರಳುತ್ತೇನೆ. ಏಳೂಕಾಲಕ್ಕೆ ಅಲ್ಲಿ ಮೂಲೆಯ ಕಲ್ಲಿನ ಟೇಬಲ್ಲಿಗೆ ಒಬ್ಬರು ಬರುತ್ತಾರೆ. ಮಂಕಿ ಟೋಪಿ, ಕಂಕುಳಲ್ಲಿ ಪೇಪರ್. ಮೂರು ತಿಂಗಳು ನಾವು ಪರಸ್ಪರ ತಲೆ ಕೂಡ ಆಡಿಸಲಿಲ್ಲ. ಒಂದು ದಿನ ಅವರು ಪೇಪರಿನ ನಡುವಿನ ಹಾಳೆ ಕಿತ್ತು ನನ್ನತ್ತ ತಳ್ಳಿದರು, ಅಷ್ಟೇ. ಮರುದಿನ ‘ಚಟ್ನಿ ಇವತ್ತು ನೀರು’ ಅಂದರು. ನಾನು ‘ಹೂಂ, ನಿನ್ನೇನೂ ಹಂಗೇ ಇತ್ತು’ ಅಂದೆ. ಹೀಗೆ ದಿನಕ್ಕೆ ಹತ್ತು ನಿಮಿಷ, ಆರು ತಿಂಗಳು. ಹಾಲ್ ಅವರ ಲೆಕ್ಕದಲ್ಲಿ ಮೂವತ್ತು ಗಂಟೆ, ಎಲ್ಲಿಗೂ ಸಾಲದು. ಅವರ ಹೆಸರು ನನಗೆ ಗೊತ್ತಿಲ್ಲ. ಈಗ ಕೇಳಿದರೆ ಇಷ್ಟು ದಿನ ಕೇಳದಿದ್ದುದೇ ದೊಡ್ಡದಾಗಿ ಕಾಣುತ್ತದೆಂದು ಸುಮ್ಮನಿದ್ದೇನೆ.

ಹೋದ ತಿಂಗಳು ಹತ್ತು ದಿನ ಧಾರವಾಡಕ್ಕೆ ಹೋಗಿದ್ದೆ. ಮರಳಿ ಬಂದ ಬೆಳಿಗ್ಗೆ ಅವರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

‘ಏನ್ ಸಾರ್, ಪತ್ತೇನೇ ಇಲ್ಲ?’

‘ಊರಿಗೆ ಹೋಗಿದ್ದೆ.’

‘ಒಂದು ಮಾತು ಹೇಳೋದಲ್ವಾ?’

ಫೇಡೆಯ ಪೊಟ್ಟಣ ಮುಂದಿಟ್ಟೆ. ‘ನಂಗೆ ಶುಗರ್ ಇದೆ’ ಎನ್ನುತ್ತಲೇ ಎರಡು ಬಾಯಿಗೆ ಹಾಕಿಕೊಂಡು, ಕೌಂಟರಿನತ್ತ ತಿರುಗಿ ಬೈ ಟು ಹೇಳಿದರು.

ಮುಂದಿನ ತಿಂಗಳು ನಮ್ಮ ಕರಾರು ಮುಗಿಯುತ್ತದೆ. ಮಾಲೀಕರು ಬಾಡಿಗೆ ಏರಿಸುವ ಮಾತಾಡುತ್ತಿದ್ದಾರೆ. ಬೇರೆ ಮನೆ ನೋಡೋಣ, ಆದರೆ ಆ ದರ್ಶಿನಿಗೆ ನಡೆದು ಹೋಗುವಷ್ಟು ದೂರದಲ್ಲೇ ಇರಲಿ ಎಂದು ಹೆಂಡತಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ‘ಹೋಟೆಲ್ ನೋಡಿ ಮನಿ ಹಿಡೀತಾರೇನ್ರಿ ಯಾರರೆ?’ ಅಂದಳು.